ನಾಲ್ಕು ಸೊಟ್ಟ ತೂತುಗಳು

ನಮ್ಮ ವರ್ಕ್‌ಶಾಪಿನಲ್ಲಿ ನಿಯಮಗಳು ಹೆಚ್ಚಿಲ್ಲ. ಇರುವುದು ಒಂದೇ: ಮೊದಲು ಫೋಟೋ, ಆಮೇಲೆ ರಿಜಿಸ್ಟರ್, ಕೊನೆಗೆ ಕೈ. ನೀರಿನಿಂದ ಎತ್ತಿ ತಂದ ಹಳೆಯ ವಿಮಾನದ ಯಾವ ಚೂರೇ ಆಗಲಿ, ಅದು ಸಿಕ್ಕಾಗ ಹೇಗಿತ್ತು ಎಂದು ಮೊದಲು ಫೋಟೋ ತೆಗೆಯಬೇಕು. ಅದಕ್ಕೆ ಏನು ಮಾಡಲಿದ್ದೇವೆ ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಆಮೇಲಷ್ಟೇ ಮುಟ್ಟಬೇಕು. ಕೆಡಿಸಬೇಡಿ, ಸರಿಪಡಿಸಲೂ ಬೇಡಿ ಎಂಬುದು ಅದರ ತಿರುಳು. ಈ ಎರಡನೆಯ ಮಾತು ನಮ್ಮಪ್ಪನ ತಲೆಗೆ ಹತ್ತಲೇ ಇಲ್ಲ.

ಅಪ್ಪ ಐವತ್ತು ವರ್ಷ ತಗಡಿನ ಕೆಲಸ ಮಾಡಿದವನು. ಬಕೆಟ್ಟು, ಲಾಳಿಕೆ, ಟ್ರಂಕು, ಚಿಮಣಿ, ಅಂಗಡಿ ಬೋರ್ಡು, ಯಾವುದೂ ಬಿಡಲಿಲ್ಲ. ಸೊಟ್ಟಗಿದ್ದದ್ದು ಅವನ ಕೈಗೆ ಸಿಕ್ಕರೆ ನೆಟ್ಟಗಾಗದೆ ಹೊರಗೆ ಹೋಗುತ್ತಿರಲಿಲ್ಲ, ಹೆತ್ತ ಮಗಳನ್ನು ಬಿಟ್ಟು. ಆ ವಿದ್ಯೆಯನ್ನೇ ಕಲಿತ ನಾನು ಈಗ ಮ್ಯೂಸಿಯಮ್ಮಿನ ವರ್ಕ್‌ಶಾಪಿನಲ್ಲಿ ಸಂಬಳಕ್ಕಿದ್ದೇನೆ. ಅಮ್ಮ ತೀರಿಕೊಂಡ ಮೇಲೆ ಅಪ್ಪ ನಮ್ಮ ಮನೆಗೆ ಬಂದ. ಬಂದವನು ಸುಮ್ಮನೆ ಕೂರಲಿಲ್ಲ. ಚೆನ್ನಾಗಿಯೇ ಇದ್ದ ಬಾಗಿಲುಗಳ ತಿರುಪುಗಳನ್ನೆಲ್ಲ ಬಿಗಿದ. ಬಚ್ಚಲ ಬಾಗಿಲು ತೆಗೆಯಲು ನನ್ನ ಗಂಡ ಹೆಗಲು ಕೊಡಬೇಕಾಯಿತು. ನಲ್ಲಿ ಬಿಚ್ಚಿ ಜೋಡಿಸಿದ. ಅಂದಿನಿಂದ ಅದು ಬಿಸಿನೀರು ಕೇಳಿದರೆ ತಣ್ಣೀರು ಕೊಡುತ್ತದೆ. "ಮಾವನವರನ್ನ ಎಲ್ಲಾದ್ರೂ ಕೆಲಸಕ್ಕೆ ಹಚ್ಚು, ಇಲ್ದಿದ್ರೆ ಮನೆ ಉಳಿಯಲ್ಲ," ಎಂದು ಗಂಡ ಕೈಮುಗಿದ. ಹಾಗಾಗಿ ಸಂಬಳವಿಲ್ಲದ ಕೆಲಸಗಾರನಾಗಿ ಅಪ್ಪನನ್ನು ವರ್ಕ್‌ಶಾಪಿಗೆ ಕರೆತಂದೆ. ಅಲ್ಲಿ ಅವನಿಗೆ ಅಜ್ಜಿ ಸಿಕ್ಕಿದಳು.

ಅಜ್ಜಿ ಎಂದರೆ ವಿಮಾನ. ಯುದ್ಧದ ಕಾಲದ್ದು, ಇಬ್ಬರು ಕೂರುವಂಥದ್ದು. ಎಂಬತ್ತು ವರ್ಷದ ಹಿಂದೆ ಎಣ್ಣೆ ಮುಗಿದು ಸರೋವರದ ಮೇಲೆ ಇಳಿಯಿತಂತೆ. ಒಳಗಿದ್ದ ಇಬ್ಬರೂ ಈಜಿ ದಡ ಸೇರಿ, ಬಟ್ಟೆ ಒಣಗಿಸಿಕೊಂಡು ಮನೆಗೆ ಹೋದರು. ಯಾರೂ ಸಾಯಲಿಲ್ಲ, ಆದ್ದರಿಂದ ಇದು ಯಾರ ಗೋರಿಯೂ ಅಲ್ಲ, ನಾವು ಧೈರ್ಯವಾಗಿ ಜೋಕು ಮಾಡಿಕೊಂಡು ಕೆಲಸ ಮಾಡಬಹುದು. ಈ ಜಾತಿಯ ವಿಮಾನ ನೀರಿನಿಂದ ಹೊರಗೆ ಲೋಕದಲ್ಲಿ ಉಳಿದಿರುವುದು ಇನ್ನೆರಡೇ, ಅವೂ ಅರ್ಧಂಬರ್ಧ. ನಮ್ಮದು ರೆಕ್ಕೆಯಿಂದ ಬಾಲದವರೆಗೆ ಇಡಿಯಾಗಿ ಮೇಲೆ ಬಂತು. ಬಂದಾಗ ಮೈತುಂಬ ಪಾಚಿ, ಹೊಟ್ಟೆತುಂಬ ಕೆಸರು, ಚಿಪ್ಪು. ಅಪ್ಪ ಅದರ ಸುತ್ತ ಒಂದು ಸುತ್ತು ಬಂದು, "ಪಾಪ, ಯಾರೂ ಸ್ನಾನ ಮಾಡಿಸಿಲ್ಲ," ಎಂದ. ಅಂದಿನಿಂದ ಅಜ್ಜಿ ಎಂಬ ಹೆಸರು ನಿಂತಿತು.

ಅಪ್ಪ ಮತ್ತೆ ಮನುಷ್ಯನಾದದ್ದು ಆ ವಿಮಾನದಿಂದ. ಅಮ್ಮ ಹೋದ ಮೇಲೆ ತಟ್ಟೆಯಲ್ಲಿ ಬೆರಳಾಡಿಸಿ ಏಳುತ್ತಿದ್ದವನು ಎರಡನೇ ಸಲ ಬಡಿಸಿಕೊಳ್ಳತೊಡಗಿದ. ಬೆಳಗ್ಗೆ ನನಗಿಂತ ಮೊದಲು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದ. ಅಜ್ಜಿ ಇರುವವರೆಗೆ ಅಪ್ಪ ಇರುತ್ತಾನೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದೆ. ಅದಕ್ಕೇ ಹಲ್ಲಿನ ಡಾಕ್ಟರೊಬ್ಬರ ಪತ್ರ ಬಂದಾಗ ಅದನ್ನು ಎರಡೆರಡು ಸಲ ಓದಿಸಿಕೊಂಡೆ.

ಈ ಡಾಕ್ಟರರು ಬೇರೆ ಊರಿನವರು. ಹಲ್ಲು ಕಿತ್ತು ಸಂಪಾದಿಸಿ, ಹಳೆಯ ವಿಮಾನ ಕೊಂಡು ಶೆಡ್ಡಿನಲ್ಲಿ ನಿಲ್ಲಿಸಿಕೊಳ್ಳುವ ಹುಚ್ಚಿನವರು. ಪತ್ರದಲ್ಲಿದ್ದದ್ದು ಇಷ್ಟು. ನಮ್ಮ ಸರೋವರದಲ್ಲಿ ಅಜ್ಜಿಯ ಜಾತಿಯವು ಮೂರು ವಿಮಾನ ಮುಳುಗಿದ್ದವು. ಯುದ್ಧ ಮುಗಿದ ಮೇಲೆ ಸರಕಾರ ಅವುಗಳಲ್ಲಿ ಒಂದನ್ನು, ಸಿಕ್ಕರೆ ನಿನ್ನದು ಎಂದು, ಒಬ್ಬ ಗುಜರಿ ವ್ಯಾಪಾರಿಗೆ ಕಾಗದದ ಮೇಲೆ ಮಾರಿತ್ತು. ಆ ಕಾಗದ ಕೈಯಿಂದ ಕೈಗೆ ದಾಟಿ ಈಗ ಡಾಕ್ಟರರ ಬಳಿ ಇದೆ. ಕಾಗದದಲ್ಲಿ ವಿಮಾನದ ನಂಬರ್ ಇದೆ. ಉಳಿದೆರಡು, ಸಿಕ್ಕರೆ, ಮ್ಯೂಸಿಯಮ್ಮಿಗೆ ಸೇರುತ್ತವೆ, ಅದರಲ್ಲಿ ತಕರಾರಿಲ್ಲ. ನಮ್ಮ ಅಜ್ಜಿ ಆ ಮೂರರಲ್ಲಿ ಯಾವುದು ಎಂಬುದೇ ಪ್ರಶ್ನೆ.

ಅದು ನಮಗೂ ಗೊತ್ತಿರಲಿಲ್ಲ. ವಿಮಾನದ ನಂಬರ್ ಇರುವುದು ಒಂದು ಪುಟ್ಟ ಬಿಲ್ಲೆಯ ಮೇಲೆ, ಕಡ್ಡಿಪೆಟ್ಟಿಗೆಯಷ್ಟು ದೊಡ್ಡದು. ಪೈಲಟ್ ಕೂರುವ ಜಾಗದ ಪಕ್ಕದ ತಗಡಿಗೆ ಅದನ್ನು ನಾಲ್ಕು ರಿವೆಟ್ ಮೊಳೆ ಹೊಡೆದು ಕೂರಿಸಿರುತ್ತಾರೆ. ಅಜ್ಜಿಯ ಬಿಲ್ಲೆ ಯಾವಾಗಲೋ ಕಳಚಿ ಹೋಗಿತ್ತು. ತಗಡಿನಲ್ಲಿ ನಾಲ್ಕು ಖಾಲಿ ತೂತುಗಳಿದ್ದವು, ಅಷ್ಟೆ. ಈಗ ಡಾಕ್ಟರರು ಬರೆದಿದ್ದರು: ಬಿಲ್ಲೆ ನನಗೆ ಸಿಕ್ಕಿದೆ. ನೀವು ವಿಮಾನ ಎತ್ತಿದ ಜಾಗದಲ್ಲೇ ಮೀನುಗಾರರ ಬಲೆಗೆ ಬಿದ್ದದ್ದಂತೆ, ಒಬ್ಬ ಹಳೇಸಾಮಾನಿನ ವ್ಯಾಪಾರಿಯಿಂದ ಕೊಂಡೆ. ಅದರ ಮೇಲಿರುವುದು ನನ್ನ ಕಾಗದದ ನಂಬರೇ.

ನಮ್ಮ ಮೇಲಿನವರು ಒಬ್ಬ ಮೇಡಂ. ಸದಾ ಕಂಕುಳಲ್ಲಿ ರಿಜಿಸ್ಟರ್ ಇರುವುದರಿಂದ ರಿಜಿಸ್ಟರ್ ಮೇಡಂ ಎಂದೇ ಅವರ ಹೆಸರು. ಪತ್ರವನ್ನು ನಮ್ಮೆಲ್ಲರಿಗೂ ಓದಿ ಹೇಳಿ, ಕನ್ನಡಕ ತೆಗೆದು, "ಹೆದರ್ಕೋಬೇಡಿ, ಇದಕ್ಕೆ ಸುಲಭದ ಪರೀಕ್ಷೆ ಇದೆ," ಎಂದರು. "ಯುದ್ಧದ ಅವಸರದಲ್ಲಿ ಈ ತೂತುಗಳನ್ನ ಅಳತೆ ಹಿಡಿದು ಕೊರೀತಿರಲಿಲ್ಲ. ಬಿಲ್ಲೆನ ತಗಡಿನ ಮೇಲಿಟ್ಟು ಎರಡನ್ನೂ ಒಟ್ಟಿಗೇ, ಕೈಯಲ್ಲೇ ಕೊರೀತಿದ್ರು. ಒಂದು ವಿಮಾನದ ಬಿಲ್ಲೆ ಇನ್ನೊಂದಕ್ಕೆ ಕೂರೋದೇ ಇಲ್ಲ. ಅವರು ಬಿಲ್ಲೆ ತರಲಿ, ತೂತಿಗೆ ಹಿಡಿಯೋಣ. ಕೂತ್ರೆ ವಿಮಾನ ಅವರದ್ದು, ಕೂರದಿದ್ರೆ ನಮ್ಮದು. ನಾನು ಹಾಗಂತ ಬರೆದು ಸಹಿ ಮಾಡಿ ಕಳಿಸ್ತೀನಿ."

ನನಗೆ ಸರಿ ಅನ್ನಿಸಿತು. ಅಪ್ಪನ ಕಡೆ ನೋಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಆ ಮುಖ ಮಾಡಿಕೊಂಡು ನಿಂತಿದ್ದ.

ಅಂದು ಸಂಜೆ ಅಡುಗೆಮನೆಯಲ್ಲಿ ಅಪ್ಪ ಬಾಯಿಬಿಟ್ಟ. ನಾನು ಪಾತ್ರೆ ತೊಳೆಯುತ್ತಿದ್ದೆ, ಅವನು ಒರೆಸುತ್ತಿದ್ದ.

"ಆ ತೂತು ನಾನು ಕೊರೆದಿದ್ದು," ಎಂದ.

"ಯಾವ ತೂತು?"

"ಬಿಲ್ಲೆ ತೂತು. ನಾಲ್ಕೂ."

ಕೈಯಲ್ಲಿದ್ದ ಲೋಟ ತೊಟ್ಟಿಗೆ ಬಿತ್ತು. ಪುಣ್ಯಕ್ಕೆ ಅದು ಸ್ಟೀಲಿನದು.

ನಡೆದದ್ದು ಮೂರು ವರ್ಷದ ಹಿಂದೆ, ಅವನು ವರ್ಕ್‌ಶಾಪಿಗೆ ಸೇರಿದ ಎರಡನೇ ವಾರ. ಆ ತಗಡನ್ನು ಕೆಸರು ತೊಳೆಯಲು ಅವನಿಗೇ ಕೊಟ್ಟಿದ್ದರು. ಫೋಟೋದವರು ಸೋಮವಾರ ಬರಬೇಕಿತ್ತು, ಅಪ್ಪ ಶನಿವಾರವೇ ಕೈ ಹಾಕಿದ. ಕೆಸರು ಹೋದ ಮೇಲೆ ನಾಲ್ಕು ತೂತು ಕಂಡವು. ಒಂದು ಮೇಲೆ, ಒಂದು ಕೆಳಗೆ, ಒಂದು ವಾರೆ, ಇನ್ನೊಂದು ಅದಕ್ಕೂ ವಾರೆ. ಅಪ್ಪನಿಗೆ ಅದನ್ನು ನೋಡಿಕೊಂಡು ಸುಮ್ಮನಿರಲಾಗಲಿಲ್ಲ. ನಾಲ್ಕನ್ನೂ ಅಲ್ಯೂಮಿನಿಯಮ್ಮಿನ ಚೂರಿನಿಂದ ಮುಚ್ಚಿ, ತಟ್ಟಿ, ಉಜ್ಜಿ, ಮೊದಲು ಅಲ್ಲೇನೂ ಇರಲೇ ಇಲ್ಲ ಎನ್ನುವಂತೆ ಮಾಡಿದ. ಆಮೇಲೆ ಒಂದು ಬೆರಳು ಮೇಲಕ್ಕೆ, ಮೂಲೆಮಟ್ಟ ಹಿಡಿದು, ಹೊಸದಾಗಿ ನಾಲ್ಕು ಕೊರೆದ. ಮುಂದೊಂದು ದಿನ ಬಿಲ್ಲೆ ಸಿಕ್ಕಿದರೆ ನೆಟ್ಟಗೆ ಕೂರಲಿ ಎಂದು. ಸೋಮವಾರ ಫೋಟೋದವರು ಬಂದು ಆ ನೆಟ್ಟಗಿನ ತೂತುಗಳನ್ನೇ ದಾಖಲೆ ಮಾಡಿಕೊಂಡು ಹೋದರು.

"ನಿಯಮ ಹೇಳಿಕೊಟ್ಟಿದ್ನಲ್ಲ ಅಪ್ಪ!"

"ಹೇಳಿದ್ದೆ. ಆದ್ರೆ ಅಷ್ಟೊಂದು ಸೊಟ್ಟಗಿರುತ್ತೆ ಅಂತ ಹೇಳಿರಲಿಲ್ಲ."

"ಯಾಕೆ ಇಷ್ಟು ದಿನ ಬಾಯಿಬಿಡಲಿಲ್ಲ?"

"ಅದು ಅಷ್ಟು ದೊಡ್ಡ ತಪ್ಪು ಅಂತ ತಿಳಿದಿದ್ದು ಆಮೇಲೆ. ಮೇಡಂ ಒಂದ್ಸಲ ಯಾರಿಗೋ ಹೇಳ್ತಿದ್ರು, ಹೊಸ ತೂತು ಕೊರೆದವರನ್ನ ಅವತ್ತೇ ಕಳಿಸಿಬಿಡ್ತೀನಿ ಅಂತ. ಕಳಿಸಿದ್ರೆ ನಾನು ಎಲ್ಲಿಗೆ ಹೋಗ್ಲಿ?" ಒಂದೇ ತಟ್ಟೆಯನ್ನು ಮತ್ತೆ ಮತ್ತೆ ಒರೆಸುತ್ತಾ ಹೇಳಿದ. ಬೈಯಬೇಕೆಂದಿದ್ದ ನಾನು ಆ ತಟ್ಟೆಯನ್ನು ಅವನ ಕೈಯಿಂದ ತೆಗೆದು ಕಪಾಟಿನಲ್ಲಿಟ್ಟೆ.

ತಲೆ ತಣ್ಣಗಾದ ಮೇಲೆ ನನಗೆ ಇನ್ನೊಂದು ಹೊಳೆಯಿತು. ಹಳೆಯ ತೂತುಗಳು ಮುಚ್ಚಿಹೋಗಿವೆ. ಡಾಕ್ಟರರ ಬಿಲ್ಲೆ ಯಾವ ವಿಮಾನದ್ದೇ ಆಗಿರಲಿ, ಅಪ್ಪ ಕೊರೆದ ತೂತುಗಳಿಗಂತೂ ಕೂರುವ ಹಾಗಿಲ್ಲ. ಕೂರದಿದ್ದರೆ ಅಜ್ಜಿ ನಮ್ಮಲ್ಲೇ ಉಳಿಯುತ್ತಾಳೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

"ಅಪ್ಪ, ನೀನು ಯಾರ ಹತ್ರಾನೂ ಉಸಿರು ಬಿಡ್ಬೇಡ. ನಿನ್ನ ತಪ್ಪೇ ನಮ್ಮನ್ನ ಕಾಯುತ್ತೆ."

"ಅದು ನಿಜವಾದ ಬಿಲ್ಲೆಯೇ ಆಗಿದ್ರೆ?"

"ಆಗಿದ್ರೆ ಆಗಿರಲಿ."

"ಆಗ ಆ ಮನುಷ್ಯನ ವಸ್ತು ನಾವು ಕದ್ದ ಹಾಗಲ್ವೇನೇ?"

"ಅವರ ಹತ್ರ ಬೇರೆ ಮೂರು ವಿಮಾನ ಇದೆ. ನಿನ್ನ ಹತ್ರ ಇರೋದು ಇದೊಂದೇ." ಹಾಗೆಂದು ನಲ್ಲಿ ನಿಲ್ಲಿಸಿದೆ. ಹೇಳಿದ ಮಾತು ಸರಿಯಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಪರೀಕ್ಷೆಗೆ ಹನ್ನೊಂದು ದಿನವಿತ್ತು. ಆ ಹನ್ನೊಂದು ದಿನ ನನ್ನದು ಅತ್ತ ದರಿ ಇತ್ತ ಪುಲಿ. ಮೇಡಂ ನನ್ನನ್ನು ನಂಬಿ ದಿನಾ ರಿಜಿಸ್ಟರಿಗೆ ಸಹಿ ಹಾಕಿಸುತ್ತಿದ್ದರು, ನಾನು ಕಣ್ಣು ತಪ್ಪಿಸಿ ಹಾಕುತ್ತಿದ್ದೆ. ಅಪ್ಪ ಆ ತಗಡಿನ ಹತ್ತಿರ ಸುಳಿಯುವುದನ್ನೇ ಬಿಟ್ಟು, ಬಾಲದ ಕಡೆ ಕೂತು ಚಿಪ್ಪು ಕೆರೆಯುತ್ತಿದ್ದ. ಊಟಕ್ಕೆ ಕರೆದರೆ "ಹಸಿವಿಲ್ಲ" ಎನ್ನತೊಡಗಿದ.

ಪರೀಕ್ಷೆಯ ದಿನ ಬೆಳಗ್ಗೆ, ವರ್ಕ್‌ಶಾಪಿಗೆ ಹೋಗುವ ಬೀದಿಯ ತಿರುವಿನಲ್ಲಿ, ಪೇಪರ್ ಅಂಗಡಿಯ ಮುಂದೆ ಅಪ್ಪ ನಿಂತುಬಿಟ್ಟ.

"ಬಿಲ್ಲೆ ಕೂರಲಿಲ್ಲ ಅಂದ್ರೆ ನಾನು ಹೇಳಿಬಿಡ್ತೀನಿ ಮಗಳೇ. ಹಳೇ ತೂತು ಬಿಚ್ಚಿ ಇನ್ನೊಂದ್ಸಲ ಹಿಡಿದು ನೋಡಿ ಅಂತೀನಿ."

"ಅದು ಕೂತುಬಿಟ್ರೆ?"

"ಕೂತ್ರೆ ಅವರು ತಗೊಂಡು ಹೋಗ್ಲಿ."

"ಆಮೇಲೆ ನೀನು ಏನು ಮಾಡ್ತೀಯ? ಮತ್ತೆ ನಮ್ಮನೆ ಬಾಗಿಲು ಬಿಗೀತೀಯಾ?"

"ಬಿಗೀತೀನಿ," ಎಂದು ನಡೆಯತೊಡಗಿದ. ಈ ಮುದುಕನ ಹಟ ನನಗೆ ಹೊಸದಲ್ಲ. ಅಮ್ಮ ಅದರ ಜೊತೆ ನಲವತ್ತೆರಡು ವರ್ಷ ಬಾಳಿದಳು. ನಾನು ಬೈದುಕೊಳ್ಳುತ್ತಾ ಅವನ ಹಿಂದೆ ಓಡಿದೆ.

ಡಾಕ್ಟರರು ತಮ್ಮ ಲಾಯರರ ಜೊತೆ ಹತ್ತು ಗಂಟೆಗೆ ಸರಿಯಾಗಿ ಬಂದರು. ನಾನು ಯಾರೋ ಗತ್ತಿನ ಮನುಷ್ಯನನ್ನು ಎದುರು ನೋಡುತ್ತಿದ್ದೆ. ಬಂದವರು ಕುಳ್ಳಗೆ, ದುಂಡಗೆ, ನೆತ್ತಿ ಬೋಳಾದವರು. ಅಜ್ಜಿಯನ್ನು ಕಂಡದ್ದೇ ತಡ ಕೈಯಲ್ಲಿದ್ದ ಪೆಟ್ಟಿಗೆಯನ್ನು ಲಾಯರರಿಗೆ ಕೊಟ್ಟು, ರೆಕ್ಕೆಯ ಕೆಳಗೆ ಬಗ್ಗಿ, "ಅಯ್ಯೋ, ಎಷ್ಟು ಚೆನ್ನಾಗಿದ್ದಾಳೆ!" ಎಂದರು. ಅವರನ್ನು ದ್ವೇಷಿಸುವುದು ನಾನಂದುಕೊಂಡಷ್ಟು ಸುಲಭವಾಗಿರಲಿಲ್ಲ. ಅಪ್ಪನಂತೂ ಅವರಿಗೆ ಕೂರಲು ಸ್ಟೂಲು ತಂದುಕೊಟ್ಟ.

ಬಿಲ್ಲೆ ಇರಬೇಕಾದ ತಗಡನ್ನು ವಿಮಾನದಿಂದ ಬಿಚ್ಚಿ ಮೇಜಿನ ಮೇಲೆ ಹಾಸಿದ್ದೆವು. ಡಾಕ್ಟರರು ಪೆಟ್ಟಿಗೆ ತೆರೆದರು. ಮಸುಕಾದ ಬಿಲ್ಲೆ, ಅಂಚಿನಲ್ಲಿ ತುಕ್ಕಿನ ಬಣ್ಣ, ನಡುವೆ ನಂಬರು, ಮೂಲೆಗೊಂದು ತೂತು. ಮೇಡಂ ಕೈಗವಸು ಹಾಕಿಕೊಂಡು ಅದನ್ನೆತ್ತಿ ತಗಡಿನ ಮೇಲಿಟ್ಟರು. ಕೂರಬಾರದು ಎಂದು ಬೇಡಿಕೊಳ್ಳಬೇಕೋ, ಕೂರಲಿ ಎಂದು ಬೇಡಿಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ಕೂರದಿದ್ದರೆ ಅಪ್ಪ ಬಾಯಿ ತೆರೆಯುತ್ತಾನೆ, ಕೂತರೆ ಅಜ್ಜಿ ಹೋಗುತ್ತಾಳೆ.

ಮೇಡಂ ಒಂದು ರಿವೆಟ್ ಇಳಿಸಿದರು. ಇಳಿಯಿತು. ಎರಡನೆಯದೂ ಇಳಿಯಿತು. ಮೂರನೆಯದೂ. ನಾಲ್ಕನೆಯದನ್ನು ಅವರು ಒತ್ತಲೂ ಇಲ್ಲ, ತಾನಾಗಿ ಜಾರಿ ಕೂತಿತು. ಬಿಲ್ಲೆ ತಗಡಿನ ಮೇಲೆ ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ನೆಟ್ಟಗೆ ನಿಂತಿತು.

ಮೇಡಂ ಕೈಗವಸು ಕಳಚಿ ಮೇಜಿನ ಮೇಲಿಟ್ಟು, "ಕೂತಿದೆ," ಎಂದರು. ದನಿ ಸಣ್ಣದಾಗಿತ್ತು. ಲಾಯರರು ಬ್ಯಾಗಿನಿಂದ ಕಾಗದ ತೆಗೆಯತೊಡಗಿದರು. ನನ್ನ ತಲೆ ಒಂದು ಗಳಿಗೆ ಓಡಲೇ ಇಲ್ಲ; ಕೂತಿತು, ಹೋಯಿತು, ಮುಗಿಯಿತು ಎಂದಷ್ಟೇ ಸುತ್ತುತ್ತಿತ್ತು.

ಅಷ್ಟರಲ್ಲಿ ಅಪ್ಪ ನಕ್ಕ.

ಸಣ್ಣ ನಗುವಲ್ಲ. ಮೊದಲು ಮೂಗಿನಲ್ಲಿ ಹೊರಟು, ಆಮೇಲೆ ಹೊಟ್ಟೆ ಹಿಡಿದುಕೊಂಡು, ಮೇಜಿಗೆ ಒರಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಅಮ್ಮ ಹೋದ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಲಾಯರರು ನನ್ನ ಕಡೆ ನೋಡಿ, ಇವರಿಗೆ ಹುಷಾರಿಲ್ಲವೇ ಎಂಬಂತೆ ಹುಬ್ಬೇರಿಸಿದರು. ಆಗ ನನಗೂ ತಟ್ಟನೆ ಹೊಳೆಯಿತು. ಎಂಬತ್ತು ವರ್ಷದ ಹಿಂದೆ ಮಾಡಿದ ಬಿಲ್ಲೆ, ಅಪ್ಪ ಮೂರು ವರ್ಷದ ಹಿಂದೆ ಕೊರೆದ ತೂತಿಗೆ ಹೇಗೆ ಕೂತಿತು?

"ಮೇಡಂ," ಎಂದು ಅಪ್ಪ ಕಣ್ಣೊರೆಸಿಕೊಂಡ. "ಈ ಬಿಲ್ಲೆ ಸುಳ್ಳು. ಯಾಕಂದ್ರೆ ಈ ತೂತು ಸುಳ್ಳು. ನಾಲ್ಕನ್ನೂ ಕೊರೆದೋನು ನಾನೇ."

ಮೇಡಂ ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. ಅಪ್ಪ ಎಲ್ಲವನ್ನೂ ಹೇಳಿದ. ಶನಿವಾರ, ಕೆಸರು, ವಾರೆಯಾಗಿದ್ದ ತೂತು, ಮುಚ್ಚಿದ್ದು, ಉಜ್ಜಿದ್ದು, ಮೂಲೆಮಟ್ಟ ಹಿಡಿದು ಹೊಸದು ಕೊರೆದದ್ದು. ಹೇಳುತ್ತಾ ಹೇಳುತ್ತಾ ಅವನ ಹೆಗಲು ಸಡಿಲವಾಗಿ, ಮುಖ ಹಗುರಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಲಾಯರರು ಬಿಡುವವರಲ್ಲ. "ಚೆನ್ನಾಗಿದೆ! ಸೋತ ಮೇಲೆ ಕಥೆ ಕಟ್ತಾ ಇದೀರಿ. ಇದಕ್ಕೆ ಸಾಕ್ಷಿ ಏನಿದೆ?"

"ತಗಡು ತಿರುಗಿಸಿ ಸ್ವಾಮಿ. ಮುಂದುಗಡೆ ನಾನು ಚೆನ್ನಾಗಿ ಉಜ್ಜಿದ್ದೀನಿ, ದೇವರಿಗೂ ಕಾಣಲ್ಲ. ಹಿಂದುಗಡೆ ಯಾರು ನೋಡ್ತಾರೆ ಅಂತ ಅರ್ಧಕ್ಕೇ ಬಿಟ್ಟು ಮೇಲೆ ಬಣ್ಣ ಬಳಿದೆ."

ತಿರುಗಿಸಿದೆ. ಹಿಂದಿನ ಬಣ್ಣದ ಮೇಲೆ ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿದೆ. ಮೊದಲಿಗೆ ಏನೂ ಕಾಣಲಿಲ್ಲ. ಎರಡನೇ ಸಲ ಒರೆಸಿದಾಗ, ಹೊಸ ತೂತುಗಳಿಗಿಂತ ಒಂದು ಬೆರಳು ಕೆಳಗೆ, ತಗಡಿನಲ್ಲಿ ತೆಳ್ಳನೆಯ ಉಂಗುರವೊಂದು ಮೂಡಿತು. ಪಕ್ಕದಲ್ಲಿ ಇನ್ನೊಂದು, ವಾರೆಯಾಗಿ. ಆಮೇಲೆ ಮತ್ತೆರಡು.

"ಸ್ವಲ್ಪ ಜರುಗಿ," ಎಂದು ಡಾಕ್ಟರರು ಮುಂದೆ ಬಂದರು. ಜೇಬಿನಿಂದ ತಮ್ಮ ಕೆಲಸದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು, ರೋಗಿಯ ಬಾಯಿಗೆ ಬಗ್ಗಿದ ಹಾಗೆ ತಗಡಿಗೆ ಬಗ್ಗಿದರು. ಬಹಳ ಹೊತ್ತು ನೋಡಿದರು. ಉಗುರಿನಿಂದ ಅಂಚು ಸವರಿದರು.

"ಫಿಲ್ಲಿಂಗ್," ಎಂದರು. "ನಾಲ್ಕೂ ಫಿಲ್ಲಿಂಗೇ. ಮೂವತ್ತಾರು ವರ್ಷದಿಂದ ನಾನು ಮಾಡ್ತಿರೋದೇ ಇದು, ನನಗೆ ಗೊತ್ತಾಗಲ್ವಾ?" ತಲೆಯೆತ್ತಿ ಅಪ್ಪನನ್ನು ನೋಡಿದರು. "ಮುಂದುಗಡೆ ಅಂಚೇ ಸಿಗಲ್ವಲ್ರೀ. ಕೈ ಚೆನ್ನಾಗಿದೆ ನಿಮ್ಮದು."

ಕೆಲಸ ಹೋಗುವ ಹೊತ್ತಿನಲ್ಲೂ ಅಪ್ಪನ ಎದೆ ಉಬ್ಬಿತು. "ಹಿಂದುಗಡೆನೂ ಮಾಡಬಹುದಿತ್ತು," ಎಂದ.

ಬಿಲ್ಲೆಯನ್ನು ಆ ನಾಲ್ಕು ಉಂಗುರಗಳಿಗೆ ಹಿಡಿದು ನೋಡಿದೆವು. ಒಂದಕ್ಕೆ ಸರಿಯಿಟ್ಟರೆ ಉಳಿದ ಮೂರು ದಾರಿ ತಪ್ಪುತ್ತಿದ್ದವು. ಮೇಡಂ ಮೆಲ್ಲಗೆ ತಲೆಗೆ ಕೈ ಹಚ್ಚಿಕೊಂಡು ಕೂತರು. "ಅಳತೆ ಕೊಟ್ಟೋಳು ನಾನೇ," ಎಂದರು. "ಬಿಲ್ಲೆ ಸಿಕ್ಕಿದವರು ತಿಳಿಸಿ ಅಂತ ವೆಬ್‌ಸೈಟಿಗೆ ಈ ತಗಡಿನ ಫೋಟೋ ಹಾಕಿದ್ನಲ್ಲ, ಪಕ್ಕದಲ್ಲಿ ಸ್ಕೇಲೂ ಇಟ್ಟಿದ್ದೆ. ಅದನ್ನ ನೋಡಿಕೊಂಡೇ ಯಾರೋ ಮಾಡಿದ್ದಾರೆ."

ಡಾಕ್ಟರರು ಸ್ಟೂಲಿನ ಮೇಲೆ ಕುಸಿದು, ಹಳೇಸಾಮಾನಿನ ವ್ಯಾಪಾರಿಯ ವಂಶವನ್ನೆಲ್ಲ ಒಂದು ಸುತ್ತು ಜಾಲಾಡಿದರು. ಸಿಟ್ಟು ಇಳಿದ ಮೇಲೆ ನಿಟ್ಟುಸಿರು ಬಿಟ್ಟು, "ಒಂದು ಮಾತು ಹೇಳ್ಲಾ? ನನ್ನ ಹೆಂಡತಿ, ಇನ್ನೊಂದು ವಿಮಾನ ಅಂಗಳಕ್ಕೆ ಬಂದ್ರೆ ನಾನು ಮಗಳ ಮನೆಗೆ ಹೋಗ್ತೀನಿ ಅಂದಿದ್ಲು. ಈಗ ಊಟ ಸಿಗುತ್ತೆ," ಎಂದರು. ಲಾಯರರು ಕಾಗದಗಳನ್ನು ಬ್ಯಾಗಿಗೆ ತುರುಕಿಕೊಂಡರು. ಮುಳುಗಿರುವ ಉಳಿದೆರಡು ವಿಮಾನಗಳನ್ನು ಎತ್ತಿದಾಗ ಮೊದಲು ತಮಗೆ ತಿಳಿಸಬೇಕೆಂದು ಮಾತು ತೆಗೆದುಕೊಂಡು, ಅಜ್ಜಿಯ ಮೂತಿಯನ್ನು ಒಮ್ಮೆ ತಟ್ಟಿ, ಡಾಕ್ಟರರು ಹೊರಟುಹೋದರು.

ಅಜ್ಜಿ ಉಳಿದಳು. ಈಗ ಉಳಿದದ್ದು ನಮ್ಮ ವಿಚಾರ.

ಅಪ್ಪ ತನ್ನ ಏಪ್ರನ್ ಬಿಚ್ಚಿ ನಾಲ್ಕಾಗಿ ಮಡಚಿ ಮೇಜಿನ ಮೇಲಿಟ್ಟಿದ್ದ. ಮೇಡಂ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನಿಂಗೆ ಗೊತ್ತಿತ್ತಾ?"

"ಅವಳಿಗೆ ಗೊತ್ತಿರಲಿಲ್ಲ ಮೇಡಂ," ಎಂದು ಅಪ್ಪ ಅಡ್ಡ ಬಂದ.

"ಗೊತ್ತಿತ್ತು," ಎಂದೆ. "ಹನ್ನೊಂದು ದಿನದಿಂದ. ಸುಮ್ಮನಿರು ಅಂತ ಹೇಳಿದ್ದೂ ನಾನೇ. ಅಪ್ಪ ಇವತ್ತು ಹೇಗಿದ್ರೂ ಹೇಳೋನಿದ್ದ. ಮುಚ್ಚಿಡೋಣ ಅಂದೋಳು ನಾನು."

ಆ ಮಾತು ಬಾಯಿಂದ ಹೊರಬಿದ್ದದ್ದೇ ನನ್ನ ಮೈ ಹಗುರಾಯಿತು. ಸಂಬಳ ಹೋದರೆ ಹೋಗಲಿ, ತಗಡಿನ ಕೆಲಸ ಗೊತ್ತಿದ್ದವರು ಉಪವಾಸ ಸಾಯುವುದಿಲ್ಲ ಎಂದು ಒಳಗೇ ಧೈರ್ಯ ಹೇಳಿಕೊಂಡೆ.

ಮೇಡಂ ಎದ್ದು ಕಿಟಕಿಯ ಬಳಿ ಹೋಗಿ, ಬಂದು, ಮತ್ತೆ ಹೋದರು. "ನಿಯಮದ ಪ್ರಕಾರ ನಿಮ್ಮಿಬ್ಬರನ್ನೂ ಮನೆಗೆ ಕಳಿಸ್ಬೇಕು. ಕಳಿಸಿಬಿಟ್ರೆ ಆ ನಾಲ್ಕು ತೂತು ಮತ್ತೆ ಬಿಚ್ಚೋರು ಯಾರು? ಹೇಗೆ ಮುಚ್ಚಿದ್ದು ಅಂತ ಮುಚ್ಚಿದವರಿಗೇ ಗೊತ್ತು. ಬೇರೆಯವರು ಕೈ ಹಾಕಿದ್ರೆ ಹಳೇ ಅಂಚು ಹರಿದುಹೋಗುತ್ತೆ." ಅಷ್ಟು ಹೇಳಿ ಅಪ್ಪನ ಎದುರಿಗೆ ರಿಜಿಸ್ಟರನ್ನು ತೆರೆದಿಟ್ಟರು. "ಮೊದಲು ಬರೀರಿ. ನಿಮ್ಮ ಕೈಯಲ್ಲೇ. ಇನ್ನು ಆರು ತಿಂಗಳು ನಿಮ್ಮ ಮಗಳು ಪಕ್ಕದಲ್ಲಿಲ್ಲದೆ ನೀವು ಸ್ಕ್ರೂಡ್ರೈವರನ್ನೂ ಮುಟ್ಟೋ ಹಾಗಿಲ್ಲ. ಅವಳ ಸಹಿಯನ್ನ ನಾನು ಇನ್ನು ನಂಬಲ್ಲ, ಅವಳು ಬರೆದಿದ್ದಕ್ಕೆಲ್ಲ ನಾನೇ ಸಹಿ ಹಾಕ್ತೀನಿ."

ಅಂದರೆ ಬರಬಹುದು. ಅಪ್ಪನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನಾಳೆ ಬರಬಹುದಾ ಮೇಡಂ?" ಎಂದು ಕೇಳಿದ.

"ಬರದೆ? ಒಂಬತ್ತಕ್ಕೆ ಬನ್ನಿ. ಎಂಟೂವರೆಗೇ ಬಂದು ಗೇಟಲ್ಲಿ ನಿಲ್ಬೇಡಿ, ವಾಚ್‌ಮನ್ ಬೈತಾನೆ."

ಅಪ್ಪ ಪೆನ್ನು ಹಿಡಿದ. ಅವನ ಅಕ್ಷರ ಕೋಳಿ ಕೆರೆದ ಹಾಗೆ. ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಬಹಳ ಹೊತ್ತು ಬರೆದ. ಅವನ ಹೆಗಲ ಮೇಲಿಂದ ಓದಿದೆ: 'ಹಳೆಯ ನಾಲ್ಕು ತೂತು ಮುಚ್ಚಿ ಹೊಸ ನಾಲ್ಕು ಕೊರೆದೆ. ಹಳೆಯವು ಸೊಟ್ಟಗಿದ್ದವು. ಅವು ಹಾಗೇ ಇರಬೇಕಿತ್ತು.'

ಮರುದಿನ ಒಂಬತ್ತಕ್ಕೆ 'ಮೊದಲನೆಯ ತೂತು' ಎಂದು ನಾನು ಬರೆದೆ, ಮೇಡಂ ಸಹಿ ಹಾಕಿದರು. ಅಪ್ಪ ತಗಡನ್ನು ಬೆಳಕಿಗೆ ಹಿಡಿದು, ತಾನು ಬಡಿದಿದ್ದ ಚೂರನ್ನು ತಾನೇ ಹಿಂದಿನಿಂದ ಮೆಲ್ಲಮೆಲ್ಲಗೆ ತಟ್ಟುತ್ತಾ ಹೋದ. ಮಧ್ಯಾಹ್ನದ ಹೊತ್ತಿಗೆ ಅದು ಟಿಣ್ ಎಂದು ಮೇಜಿನ ಮೇಲೆ ಬಿತ್ತು. ಎಂಬತ್ತು ವರ್ಷದ ತೂತು, ಸೊಟ್ಟಗೆ, ಇದ್ದ ಹಾಗೆಯೇ ಹೊರಬಂತು.

ಅಪ್ಪ ಅದರಲ್ಲಿ ಕಿರುಬೆರಳ ತುದಿಯಿಟ್ಟು ಸುತ್ತಿಸಿದ. ಹುಬ್ಬು ಗಂಟಿಕ್ಕಿದ. ತಗಡನ್ನು ಎತ್ತಿ ವಿಮಾನದೊಳಗೆ ಅದರ ಜಾಗಕ್ಕೆ ಹಿಡಿದು, ತಾನೂ ಮೊಣಕಾಲೂರಿ ಒಳಗೆ ತೂರಿ, ಡ್ರಿಲ್ ಹಿಡಿದವನಂತೆ ಮೊದಲು ಬಲಗೈ ಚಾಚಿದ, ಆಮೇಲೆ ಎಡಗೈ ಚಾಚಿದ.

"ನೋಡಿಲ್ಲಿ," ಎಂದ. "ತೂತು ಈ ಕಡೆ ವಾಲಿದೆ. ಬಲಗೈಯೋನಾಗಿದ್ರೆ ಆ ಕಡೆ ವಾಲ್ತಿತ್ತು. ಇವನು ಎಡಚ ಕಣೇ. ಇಷ್ಟು ಇಕ್ಕಟ್ಟಲ್ಲಿ ಮಡಚಿ ಕೂತು, ಬಲಗೈಯೋರಿಗೆ ಮಾಡಿರೋ ಡ್ರಿಲ್ಲನ್ನ ಎಡಗೈಲಿ ಹಿಡ್ಕೊಂಡು, ಹಿಂದೆ ಮೇಸ್ತ್ರಿ ಬೇಗ ಬೇಗ ಅಂತ ಕೂಗ್ತಿರುವಾಗ... ಇಷ್ಟು ಬಂದಿದ್ದೇ ಹೆಚ್ಚು."

ಅಪ್ಪ ತಗಡಿನ ಕಡೆ ಬಗ್ಗಿ, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ, ಆ ತೂತಿಗೆ, "ತಪ್ಪಾಯ್ತಪ್ಪ," ಎಂದ.

ಈ ಮಾತನ್ನು ಅಪ್ಪ ಆಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಮ್ಮನ ಜೊತೆ ವಾರಗಟ್ಟಲೆ ಮುನಿಸಿಕೊಂಡಿದ್ದಾಗಲೂ, ನನ್ನ ಓದು ಬಿಡಿಸಿ ತನ್ನ ತಗಡಿನ ಅಂಗಡಿಯಲ್ಲಿ ಕೂರಿಸಿದಾಗಲೂ, ಕೊನೆಗೆ ಅಮ್ಮ ಆಸ್ಪತ್ರೆಯ ಮಂಚದ ಮೇಲಿದ್ದಾಗಲೂ ಅದು ಅವನ ಬಾಯಿಂದ ಬಂದಿರಲಿಲ್ಲ. ಈಗ ಹೆಸರೂ ಗೊತ್ತಿಲ್ಲದ ಯಾವನೋ ಎಡಚನಿಗೆ ಎಷ್ಟು ಸಲೀಸಾಗಿ ಹೇಳಿಬಿಟ್ಟ. ನನಗೆ ನಗುವೂ ಬಂತು, ಅಳುವೂ ಬಂತು. ಆ ಮಾತಿನಲ್ಲಿ ಅಮ್ಮನದೊಂದು ಪಾಲು, ನನ್ನದೊಂದು ಪಾಲು ನಾನಾಗಿಯೇ ತೆಗೆದುಕೊಂಡೆ. ಆಮೇಲೆ ಮೂಗು ಒರೆಸಿಕೊಂಡು ಅಪ್ಪನಿಗೆ ಸುತ್ತಿಗೆ ಕೊಟ್ಟೆ. ಇನ್ನೂ ಮೂರು ತೂತು ಬಾಕಿಯಿತ್ತು.